ಪಂಪಿಗಿಟ್ಟ ಕುಂಕುಮ

ಮಕ್ಕಳೇ, ಆಲಸನತ್ತಂ ಊರಿನ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ಪಂಪು ನೋಡಿಕೊಳ್ಳುತ್ತಿದ್ದ ಹೆಂಗಸು ಯಾವ ಮಾತಿಗೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆಗ್ಲಿ, ನೋಡೇಬಿಡಾನ" ಎನ್ನುತ್ತಿದ್ದಳು. ಆಯುಧಪೂಜೆಯಲ್ಲಿ ಪಂಪಿನ ಮುಚ್ಚಳ ತೊಳೆದಿಟ್ಟು, ಅದರ ಅಂಚಿಗೆ ನನ್ನ ಕೈಯಲ್ಲೇ ಕುಂಕುಮ ಇಡಿಸಿದಳು. ಅಂದಿನಿಂದ ರಾತ್ರಿ ಪಂಪಿನೊಳಗಿನ ನೀರು ಇಳಿದುಹೋಗಿ, ಬೆಳಿಗ್ಗೆ ಅದು ಬರೀ ಗಾಳಿ ಎಳೆಯುತ್ತಿತ್ತು.

"ಗಂಡ ಇಲ್ದೋಳ ಕೈಲಿ ಇಡಿಸಿದ್ರೆ ಇನ್ನೇನಾಯ್ತದೆ?" ಎಂದರು ಕೆಳಮನೆಯವರು. ನಾನು ಅತ್ತ ಹೋಗುವುದನ್ನೇ ಬಿಟ್ಟೆ.

"ಆಗ್ಲಿ, ನೋಡೇಬಿಡಾನ" ಎಂದು ಆಕೆ ಎಲ್ಲರೆದುರು ಮುಚ್ಚಳ ಬಿಚ್ಚಿದಳು. ಅದರ ರಬ್ಬರ್ ವಾಷರಿಗೆ ಕುಂಕುಮ ಗಟ್ಟಿಯಾಗಿ ಅಂಟಿ, ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು. ಒರೆಸಿ ಬಿಗಿದಳು. ಮರುದಿನ ಬೆಳಿಗ್ಗೆ ಪಂಪಿನೊಳಗೆ ನೀರು ಇಳಿಯದೆ ಹಾಗೇ ಇತ್ತು.

ಆಕೆ ನನ್ನನ್ನು ಕರೆದು ಕುಂಕುಮದ ಬಟ್ಟಲು ಮುಂದೆ ಹಿಡಿದಳು. "ಜಾಗ ತಪ್ಪು ತೋರ್ಸಿದ್ದು ನಾನು ಕಣಕ್ಕಾ. ಈ ಸಲ ಮೋಟಾರ್ ನೆತ್ತಿಗಿಡು. ಯಾರು ಬೇಡಂತಾರೋ ನೋಡೇಬಿಡಾನ."

ಕೆಳಮನೆಯವರು ನೋಡುತ್ತಿದ್ದಂತೆಯೇ ದೊಡ್ಡ ಬೊಟ್ಟು ಇಟ್ಟೆ.