ಯಾವ ಹೊಸಹಳ್ಳಿ, ಯಾವ ಲ್ಹೋಟಾ

ಆಸ್ಟ್ರೇಲಿಯದ ಎಪ್ಪಿಂಗ್‌ನಲ್ಲಿರುವ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಒಂದು ದುಂಡನೆಯ ಎಣ್ಣೆಗುರುತಿದೆ. ಅಲ್ಲಿ ಕೂರುತ್ತಿದ್ದ ಗಾಜಿನ ಜಾಡಿ ನಮ್ಮದಲ್ಲ. ಪಕ್ಕದ ಮನೆಯ ಕಾರೆಲ್ ಎಂಬ ಚೆಕ್ ವೃದ್ಧರದು. ಹಿತ್ತಲ ಪ್ಲಮ್ ಹಣ್ಣಿನ ಜಾಮ್ ತುಂಬಿ ಅವರು ಅದನ್ನು ಬೇಲಿಯ ಮೇಲಿಂದ ದಾಟಿಸಿದ್ದರು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನನ್ನ ಹೆಂಡತಿಯ ಸಂವಿಧಾನದ ಮೊದಲ ವಿಧಿಯಾದ್ದರಿಂದ ಅದು ನಿಂಬೆಕಾಯಿ ಉಪ್ಪಿನಕಾಯಿ ಹೊತ್ತು ಮರಳಿತು. ಮತ್ತೆ ಜಾಮ್ ಬಂತು, ಮತ್ತೆ ಉಪ್ಪಿನಕಾಯಿ ಹೋಯಿತು. ಹೀಗೆ ಒಂದು ಸಹಿಯೂ ಇಲ್ಲದೆ ಎರಡು ರಾಷ್ಟ್ರಗಳ ನಡುವೆ ರಾಯಭಾರ ಏರ್ಪಟ್ಟಿತು, ಸ್ವಾಮಿ.

ಮೊದಲ ದಿನವೇ ನಾನು ಯಾವೂರೆಂದು ಕೇಳಿದ್ದೆ. ಪ್ರಾಗ್ ಎಂದರು. ಸಭ್ಯರು ಅಲ್ಲಿಗೆ ನಿಲ್ಲಿಸುತ್ತಾರೆ. ಆದರೆ ನಮ್ಮ ಕಡೆಯವರಿಗೆ ಜಿಲ್ಲೆ ಸಿಕ್ಕರೆ ತಾಲ್ಲೂಕು ಬೇಕು, ತಾಲ್ಲೂಕು ಸಿಕ್ಕರೆ ಕೆರೆಯ ಯಾವ ಮಗ್ಗುಲೆಂಬುದು ಬೇಕು. "ಪ್ರಾಗ್‌ಗೆ ಯಾವ ಕಡೆ?" ಎಂದೆ. ಅವರು ಕೈಯಲ್ಲಿದ್ದ ನೀರಿನ ಪೈಪನ್ನು ಕೆಳಗಿಟ್ಟರು. ಆಸ್ಟ್ರೇಲಿಯಕ್ಕೆ ಬಂದಂದಿನಿಂದ ಆ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ.

ದಕ್ಷಿಣಕ್ಕೆ, ಲ್ಹೋಟಾ ಎಂಬ ಹಳ್ಳಿ. ಆ ಹೆಸರಿನ ಹಳ್ಳಿಗಳು ಅವರ ದೇಶದಲ್ಲಿ ನಮ್ಮ ಹೊಸಹಳ್ಳಿಗಳಷ್ಟೇ ಹೇರಳ. ಹೊಸಹಳ್ಳಿಯಲ್ಲೇ ಹುಟ್ಟಿ, ಕೇಳಿದವರಿಗೆಲ್ಲ ಬೆಂಗಳೂರು ಎಂದು ಹೇಳಿ ಮುಗಿಸುವ ನನಗೆ ಅವರ ಪ್ರಾಗ್ ತಕ್ಷಣ ಅರ್ಥವಾಯಿತು. ಹಿಂದೆ ಕಾಡು ಕಡಿದು ನೆಲೆಸಿದವರಿಗೆ ದೊರೆಗಳು ಕೆಲವು ವರ್ಷ ಕಂದಾಯ ಮಾಫಿ ಮಾಡುತ್ತಿದ್ದರಂತೆ. ಆ ವಿನಾಯಿತಿಯ ಅವಧಿಯೇ ಊರಿನ ಹೆಸರಾಯಿತಂತೆ. ಮಾರ್ಟ್‌ಗೇಜ್ ಕಟ್ಟುವ ನಾನು ಇದನ್ನು ಭಕ್ತಿಯಿಂದ ಕೇಳಿಸಿಕೊಂಡೆ. ಜಾಡಿಯ ಒಂದೊಂದು ಪಯಣಕ್ಕೂ ಊರು ಒಂದಿಷ್ಟು ಬೆಳೆಯಿತು: ಮೀನಿನ ಕೆರೆ, ಅದರ ಏರಿಯುದ್ದಕ್ಕೂ ಓಕ್ ಮರಗಳು, ಶರತ್ಕಾಲದಲ್ಲಿ ನೀರು ಹೊರಬಿಟ್ಟು ಊರಿಗೂರೇ ಕೆಸರಿಗಿಳಿದು ಹಿಡಿಯುವ ಕಾರ್ಪ್ ಮೀನು. ಚಕ್ರವರ್ತಿ ಹೋದ, ಗಣರಾಜ್ಯ ಬಂತು, ಜರ್ಮನರು ಬಂದರು, ಹೋದರು. ಅರವತ್ತೆಂಟರಲ್ಲಿ ರಷ್ಯದ ಟ್ಯಾಂಕುಗಳು ಬಂದಾಗ ಕಾರೆಲ್ ಹೊರಟರು. ಕೂತ ಜಾಗದಿಂದ ಅಲ್ಲಾಡದೆ ಇಷ್ಟು ದೇಶ ತಿರುಗಿದ ಊರು ನನಗಂತೂ ಬೇರೆ ಗೊತ್ತಿಲ್ಲ.

ಕಳೆದ ವರ್ಷ ಕಾರೆಲ್‌ರ ಮಗಳು ಅವರನ್ನು ತಾನಿರುವ ಮೆಲ್ಬರ್ನಿನ ಪಾಯಿಂಟ್ ಕುಕ್‌ಗೆ ಕರೆದೊಯ್ಯಲು ನಿಶ್ಚಯಿಸಿದಳು. ಅವಳ ಬಾಯಲ್ಲೂ ಅಪ್ಪನ ಊರು ಪ್ರಾಗೇ. "ಅಲ್ಲಿ ನನ್ನನ್ನ ಯಾವ ಕಡೆ ಅಂತ ಯಾರು ಕೇಳ್ತಾರೆ?" ಎಂದರು ಕಾರೆಲ್, ಬೇಲಿಯನ್ನು ನೋಡುತ್ತ. ಯಾರೂ ಕೇಳದಿದ್ದರೆ ಲ್ಹೋಟಾ ಅವರೊಳಗೇ ಮುಗಿದುಹೋಗುತ್ತಿತ್ತು. ನನ್ನ ಹೆಂಡತಿ ಜಾಡಿಗೆ ಉಪ್ಪಿನಕಾಯಿ ತುಂಬಿ ಅವರ ಕೈಗಿತ್ತಳು. ಆಮೇಲೆ ಪಾಯಿಂಟ್ ಕುಕ್‌ನಲ್ಲೇ ಇರುವ ತನ್ನ ತಮ್ಮ ಮಂಜುವಿಗೆ ಫೋನ್ ಮಾಡಿ, ಹೋಗಿ ಊರು ಕೇಳು, ಪ್ರಾಗ್ ಅಂದರೆ ಬಿಡಬೇಡ ಎಂದು ಅಪ್ಪಣೆಯಿತ್ತಳು.

ಮೊನ್ನೆ ಮಂಜು ಫೋನ್ ಮಾಡಿದ್ದ. "ಭಾವ, ನಾನು ಬೆಂಗಳೂರು ಅಂದೆ, ಬೆಂಗಳೂರಿಗೆ ಯಾವ ಕಡೆ ಅಂತ ಅವರೇ ತಿರುಗಿ ಕೇಳಿದ್ರು. ಈಗ ವೀಕೆಂಡ್ ಪಾರ್ಕಲ್ಲಿ ಕೂತು ನಮ್ಮೋರನ್ನೆಲ್ಲ ಹಿಡಿದು ಕೇಳ್ತಿದಾರೆ. ಇಷ್ಟು ವರ್ಷ ಬೆಂಗಳೂರೋನು ಅಂತಿದ್ದ ನನ್ನ ಫ್ರೆಂಡೊಬ್ಬ ತಿಪಟೂರು ಹತ್ರದೋನಂತೆ." ಪಕ್ಕದಲ್ಲಿ ಕೂತು ಕೇಳುವ ಕಾರೆಲ್‌ರ ಮಗಳೂ ಈಗೀಗ ಲ್ಹೋಟಾ ಎನ್ನುತ್ತಾಳಂತೆ.

ಜಾಡಿ ಇನ್ನೂ ಹಿಂದಿರುಗಿಲ್ಲ. ಅಲ್ಲಿ ಪ್ಲಮ್ ಗಿಡ ಈಗಷ್ಟೇ ನೆಟ್ಟಿದ್ದಾರೆ, ಬರಿದಾಗಿ ಕಳಿಸುವಂತಿಲ್ಲವಲ್ಲ. ಆ ದುಂಡು ಗುರುತಿನ ಮೇಲೆ ಹೆಂಡತಿ ಬೇರೇನನ್ನೂ ಇಡಗೊಡುವುದಿಲ್ಲ. ಹಣ್ಣು ಬಿಡುವವರೆಗೆ ಆ ಜಾಗಕ್ಕೆ ಕಂದಾಯ ಮಾಫಿ.