ತಪ್ಪು ಕೊಟ್ಟರೂ ಸುಡದ ಪೆಟ್ಟಿಗೆ

2022ರಲ್ಲಿ ನಾನು ಮಂಜೇಶ್ವರದ ಹತ್ತಿರದ ಒಂದು ವೊಕೇಷನಲ್ ಹೈಯರ್ ಸೆಕೆಂಡರಿ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಅಧ್ಯಾಪಿಕೆಯಾಗಿದ್ದೆ. ಕೂತಲ್ಲಿ ಕೂರಲಾಗದ ಸ್ವಭಾವ ನನ್ನದು. ಆ ವರ್ಷದ ಉಪಜಿಲ್ಲಾ ವೃತ್ತಿಪರಿಚಯ ಮೇಳ ಅದನ್ನು ಇನ್ನಷ್ಟು ಹೆಚ್ಚಿಸಿತು.

ಮೇಳದಲ್ಲಿ ಮಕ್ಕಳು ಸಾಮಾನು ತಾವೇ ತಂದು, ಮೂರು ಗಂಟೆಯೊಳಗೆ ತೀರ್ಪುಗಾರರ ಕಣ್ಣೆದುರೇ ವಸ್ತು ತಯಾರಿಸಬೇಕು. ಅಧ್ಯಾಪಕರಿಗೆ ಒಳಗೆ ಪ್ರವೇಶವಿಲ್ಲ. ನಮ್ಮ ಶಾಲೆಯಿಂದ ಆಯ್ಕೆಯಾದವಳು ಪ್ಲಸ್ ಟು ತರಗತಿಯ ದೀಕ್ಷಾ. ಅವಳು ಆರಿಸಿಕೊಂಡದ್ದು ಪೋರ್ಟಬಲ್ ಪವರ್ ಸಪ್ಲೈ. ಹಳೆಯ ಲ್ಯಾಪ್‌ಟಾಪಿನ ಮೂರು ಲಿಥಿಯಂ ಸೆಲ್ಲುಗಳು, ಅವುಗಳ ವೋಲ್ಟೇಜನ್ನು ಬೇಕಾದಷ್ಟಕ್ಕೆ ಇಳಿಸುವ ಬಕ್ ಕನ್ವರ್ಟರ್ ಎಂಬ ಪುಟ್ಟ ಮಾಡ್ಯೂಲ್, ಒಂದು ಡಿಸ್‌ಪ್ಲೇ, ಇಷ್ಟೇ. ನಮ್ಮ ಲ್ಯಾಬಿನಲ್ಲಿ ಪ್ಲಗ್ ಇದ್ದದ್ದು ನನ್ನ ಮೇಜಿನ ಬಳಿ ಮಾತ್ರ. ಇಂಥದ್ದೊಂದು ಪೆಟ್ಟಿಗೆ ಇದ್ದರೆ ಹವ್ಯಾಸಕ್ಕೆ ಸರ್ಕ್ಯೂಟು ಮಾಡುವ ಮಕ್ಕಳು ತಮ್ಮ ಡೆಸ್ಕಿನಲ್ಲೇ ಕೆಲಸ ಮಾಡಬಹುದಿತ್ತು.

ದೀಕ್ಷಾಳ ತಂದೆ ಲೋಕೇಶಣ್ಣ ಬಂದ್ಯೋಡಿನವರು, ಮದುವೆ ಮನೆಗಳಿಗೆ ದೀಪಾಲಂಕಾರ ಮಾಡುವವರು. ಜಿಲ್ಲಾ ಮೇಳಕ್ಕೆ ಆಯ್ಕೆಯಾದರೆ ಪಾಲಿಟೆಕ್ನಿಕ್, ಇಲ್ಲವಾದರೆ ಬಿ.ಕಾಂ. ಎಂದು ಮಗಳಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಬಿ.ಕಾಂ. ಎಂದರೆ ಹುಡುಗಿಯ ಮುಖ ಬಾಡುತ್ತಿತ್ತು.

ತಂದೆಯ ಜೊತೆ ಬಲ್ಬಿನ ಸರಗಳನ್ನು ಕಟ್ಟಿ ಬೆಳೆದವಳು, ಕೈ ಭಾರಿ ಚುರುಕು. ತೊಂದರೆ ಬಂದದ್ದೂ ಅಲ್ಲಿಂದಲೇ. ಮನೆಯ ಕರೆಂಟಿಗೆ ಹಚ್ಚುವ ಆ ಸರಗಳಿಗೆ ಪ್ಲಸ್ಸು ಮೈನಸ್ಸಿನ ಹಂಗಿಲ್ಲ. ಕೈಗೆ ಸಿಕ್ಕಿದ ಬಣ್ಣದ ವಯರನ್ನು ಜೋಡಿಸುವುದೇ ಅವರ ಕ್ರಮ. ಬ್ಯಾಟರಿಯ ಕರೆಂಟಿನಲ್ಲಿ ಹಾಗೆ ಮಾಡಿದರೆ ಮಾಡ್ಯೂಲ್ ಹೊಗೆಯಾಡುತ್ತದೆ. ಅಭ್ಯಾಸದಲ್ಲಿ ಎರಡು ಸಲ ಹಾಗೆಯೇ ಆಯಿತು. ಉಳಿದದ್ದು ಒಂದೇ ಮಾಡ್ಯೂಲ್, ಮೇಳ ಬಾಗಿಲಲ್ಲಿತ್ತು. ಕೆಂಪು ಪ್ಲಸ್, ಕಪ್ಪು ಮೈನಸ್ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಬೇರೆ ಯಾರನ್ನಾದರೂ ಕಳಿಸಲೇ ಎಂದು ರೇಗಿದೆ.

ದೀಕ್ಷಾ ಅಳಲಿಲ್ಲ. "ಬಣ್ಣ ನೆನಪುಂಟು ಟೀಚರ್. ಗಡಿಬಿಡಿಯಲ್ಲಿ ಕೈ ಕೇಳುವುದಿಲ್ಲ. ವಯರು ತಿರುಗಿಸಿ ಕೊಟ್ಟರೂ ಸುಡದ ಹಾಗೆ ಎಂತಾದರೂ ಮಾಡ್ಲಿಕ್ಕೆ ಉಂಟಾ?"

ಉಂಟು. ಡಯೋಡ್ ಎಂಬ ಸಣ್ಣ ಬಿಡಿಭಾಗ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಅದನ್ನು ದಾರಿಯಲ್ಲಿಟ್ಟರೆ ವಯರು ತಿರುಗಿದಾಗ ಪೆಟ್ಟಿಗೆ ಸುಮ್ಮನಿರುತ್ತದೆ, ಸುಡುವುದಿಲ್ಲ. ಸ್ವಲ್ಪ ವೋಲ್ಟೇಜ್ ನಷ್ಟವಾಗುತ್ತದೆಂದು ನಾನೇ ಅದನ್ನು ಬೇಡವೆಂದಿದ್ದೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದೆ.

ಮೇಳದ ದಿನ ಕಿಟಕಿಯ ಹೊರಗೆ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಲೋಕೇಶಣ್ಣ. ಕೊನೆಯ ಗಳಿಗೆಯಲ್ಲಿ ದೀಕ್ಷಾ ಬ್ಯಾಟರಿ ಜೋಡಿಸಿದಳು, ಕೆಂಪು ವಯರು ಕಪ್ಪಿನ ಜಾಗಕ್ಕೆ. ಡಿಸ್‌ಪ್ಲೇ ಹೊತ್ತಲಿಲ್ಲ, ಹೊಗೆಯೂ ಬರಲಿಲ್ಲ. ಅವಳು ಒಂದು ಕ್ಷಣ ನೋಡಿ, ವಯರು ಬದಲಿಸಿದಳು. ಅಂಕಿಗಳು ಬೆಳಗಿದವು.

ಬಹುಮಾನ ಬಂತು, ಆದರೆ ಮೂರನೆಯದು. ಜಿಲ್ಲೆಗೆ ಹೋಗುವುದು ಮೊದಲನೆಯದು ಮಾತ್ರ. ಹುಡುಗಿ ತಲೆ ತಗ್ಗಿಸಿ ಹೊರಬಂದಳು. ಪಾಲಿಟೆಕ್ನಿಕ್ ಕೈತಪ್ಪಿತೆಂದು ನಾನೂ ಅಂದುಕೊಂಡೆ.

ಲೋಕೇಶಣ್ಣ ಬಹುಮಾನದ ವಿಷಯವನ್ನೇ ಎತ್ತಲಿಲ್ಲ. ತಿರುಗಿಸಿ ಕೊಟ್ಟರೂ ಅದು ಯಾಕೆ ಸುಡಲಿಲ್ಲ ಎಂದು ಮಗಳನ್ನು ಕೇಳಿದರು. ಅವಳು ಪೆಟ್ಟಿಗೆ ಬಿಚ್ಚಿ ಡಯೋಡ್ ತೋರಿಸಿದಳು. ಅವರು ಹೊಸದಾಗಿ ತಂದ, ಪ್ಲಸ್ಸು ಮೈನಸ್ಸು ನೋಡಿಯೇ ಹಚ್ಚಬೇಕಾದ ಎಲ್‌ಇಡಿ ದೀಪಗಳ ಕಂಟ್ರೋಲರುಗಳು ಮದುವೆಗೊಂದರಂತೆ ಸುಡುತ್ತಿದ್ದವಂತೆ, ಮಾಲು ಸರಿಯಿಲ್ಲವೆಂದು ಅಂಗಡಿಯವನಿಗೆ ಬೈಯುತ್ತಿದ್ದರಂತೆ.

"ಸುಡ್ತಾ ಇದ್ದದ್ದು ನಾವೇ ಅಲ್ವಾ?" ಎಂದು ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಪಾಲಿಟೆಕ್ನಿಕ್‌ಗೆ ಅರ್ಜಿ ಯಾವಾಗ ಹಾಕ್ಲಿಕ್ಕೆ ಟೀಚರ್?" ಎಂದರು.

ಕೈ ತಪ್ಪಬಾರದು ಎಂದು ನಾನು ಸರ್ವೀಸಿನುದ್ದಕ್ಕೂ ಕಲಿಸಿದೆ. ಕೈ ತಪ್ಪಿಯೇ ತಪ್ಪುತ್ತದೆ. ತಪ್ಪಿದವರಿಗೆ ಇನ್ನೊಮ್ಮೆ ಜೋಡಿಸಲು ಏನಾದರೂ ಉಳಿದಿರಬೇಕು. ಆ ಪೆಟ್ಟಿಗೆ ಈಗಲೂ ಲ್ಯಾಬಿನಲ್ಲಿದೆ, ಬ್ಯಾಟರಿ ಚಾರ್ಜು ಮಾಡಿ ಮರಳಿ ಜೋಡಿಸುವಾಗ ಮಕ್ಕಳು ವಯರು ತಿರುಗಿಸಿ ಕೊಡುತ್ತಲೇ ಇದ್ದಾರೆ.