ಲೋಟದ ಚಿತ್ರದ ಕ್ಯಾಸೆಟ್

ಐದು ತುಂಬಿದರೂ ನನ್ನ ಮಗಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಡಾಕ್ಟರು ಆಟಿಸಂ ಎಂದಿದ್ದರು. ಎಂಬತ್ತರ ದಶಕದ ನಾಗಪುರದಲ್ಲಿ ಆ ಪದ ಕೇಳಿದವರೇ ಕಡಿಮೆ. ಬಾಯಿ ಆಡದಿದ್ದರೆ ಮಷೀನು ಆಡಲಿ ಎಂದು ರೈಲ್ವೆಯಲ್ಲಿದ್ದ ನನ್ನ ಗಂಡ ಇತವಾರಿ ಪೇಟೆಯಿಂದ ಟೇಪ್ ರೆಕಾರ್ಡರ್ ತಂದರು. ಮೂರು ಕ್ಯಾಸೆಟ್, ಅವುಗಳ ಮೇಲೆ ಅಂಟಿಸಿದ ಚಿತ್ರ: ಲೋಟ, ರೊಟ್ಟಿ, ಕಕ್ಕಸು. ಎಲ್ಲದರಲ್ಲೂ ನನ್ನದೇ ದನಿ. ಲೋಟದ್ದನ್ನು ಹಾಕಿ ಗುಂಡಿ ಒತ್ತಿದರೆ, "ನೀರು ಬೇಕವ್ವಾ, ನೀರು ಬೇಕವ್ವಾ." ಒತ್ತುವುದನ್ನೂ ಮತ್ತೆ ಮೊದಲಿಗೆ ತಿರುಗಿಸುವುದನ್ನೂ ಅವಳು ಬೇಗ ಕಲಿತಳು.

ಮೂರು ಶಾಲೆಗಳು ಬೇಡವೆಂದ ಮೇಲೆ ಲಕ್ಷ್ಮೀ ನಗರದ ಬಾಲವಾಡಿಯ ಟೀಚರ್ ಎರಡು ದಿನ ನೋಡುತ್ತೇನೆ ಎಂದರು. ಬೇಕಾದ್ದನ್ನು ತಾನೇ ಕೇಳಿದರೆ ಸೇರಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ.

ಮೊದಲ ದಿನ ಮಗಳು ಮತ್ತೆ ಮತ್ತೆ ನೀರು ಕೇಳಿದಳಂತೆ. ಮರಾಠಿ ಟೀಚರಿಗೆ ಅದು ಯಾವುದೋ ಹಾಡು. "ಗಾಣೀ ನಕೋ," ಹಾಡು ಬೇಡ ಎಂದು ಟೇಪನ್ನು ಕಪಾಟಿನ ಮೇಲಿಟ್ಟರಂತೆ. ನಾನು ಹೋದಾಗ ತುಟಿ ಒಣಗಿ, ಕಿರುಚಿ ಕಿರುಚಿ ಅವಳ ಗಂಟಲು ಕಟ್ಟಿತ್ತು.

"ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಗಂಡನ ಮೇಲೆ ಹರಿಹಾಯ್ದೆ. "ಆ ಟೀಚರ್ ಏನು ಧಾರವಾಡದಾಕೀನ?"

"ಬಾಜೂ ಮನಿ ಕಾಕೂ ಕಡೆಯಿಂದ ಮರಾಠಿ ಹೇಳಸೂಣು. ಬರೋಬರ್ ಆಗತೈತಿ," ಎಂದರು.

ಹೊಸ ಕ್ಯಾಸೆಟ್‌ನಲ್ಲಿ ಹೇಳಿಸಿದೆವು. ಪರದನಿ ಕೇಳಿದ್ದೇ ತಡ, ಮಗಳು ಅದನ್ನು ಕಿತ್ತು ಗೋಡೆಗೆ ಎಸೆದಳು. ಕಡೆಗೆ ನಾನೇ ನನ್ನ ಹರಕು ಮರಾಠಿಯಲ್ಲಿ, ಹಳೆಯ ಕ್ಯಾಸೆಟ್‌ನ ಶುರುವಿಗೇ ಒಂದು ಸಲ "ಪಾಣೀ ಪಾಹಿಜೆ," ನೀರು ಬೇಕು ಎಂದು ತುಂಬಿದೆ. ಅದರ ನಂತರ ಉಳಿದ ಕನ್ನಡವನ್ನು ಅಳಿಸುವ ಗಮನ ಯಾರಿಗಿತ್ತು!

ಮರುದಿನ ಕಿಟಕಿಯ ಹೊರಗೆ ನಿಂತೆ. ಹನ್ನೊಂದಾದರೂ ಅವಳು ಟೇಪ್ ಮುಟ್ಟಲಿಲ್ಲ. ಒತ್ತ ನನ್ನವ್ವಾ, ಒತ್ತ, ನಿನ್ನ ಕಾಲಿಗೆ ಬೀಳ್ತೀನಿ ಎಂದು ಒಳಗೊಳಗೇ ಬೇಡಿಕೊಂಡೆ. ಕೊನೆಗೆ ಲೋಟದ ಕ್ಯಾಸೆಟ್ ಹಾಕಿದಳು.

"ಪಾಣೀ ಪಾಹಿಜೆ."

ಟೀಚರ್ ಥಟ್ಟನೆ ತಿರುಗಿ, ನೀರು ತಂದು ಹಿಡಿದರು. ಮಗಳು ಮುಟ್ಟಲಿಲ್ಲ. ಟೇಪ್ ನಿಲ್ಲಿಸಲು ಟೀಚರ್ ಕೈ ಚಾಚಿದರೆ ಆ ಕೈಯನ್ನೇ ತಳ್ಳಿದಳು. ಮುಗೀತು, ಎಲ್ಲಾ ಮುಗೀತು ಎಂದುಕೊಂಡೆ.

ಟೇಪ್ ಓಡುತ್ತಲೇ ಇತ್ತು. "ನೀರು ಬೇಕವ್ವಾ," ಎಂದಿತು ನನ್ನ ಹಳೆಯ ದನಿ.

ಆಗ ಲೋಟ ತೆಗೆದುಕೊಂಡು ಗಟಗಟ ಕುಡಿದಳು.

ಟೀಚರ್ ಕಿಟಕಿಯತ್ತ ನೋಡಿ, "ಉದ್ಯಾ ಆಣಾ," ನಾಳೆ ಕರೆತನ್ನಿ ಎಂದರು. ನಾನು ಸರಳು ಹಿಡಿದುಕೊಂಡು ಅತ್ತೆ. ಉಳಿದೆರಡು ಕ್ಯಾಸೆಟ್‌ಗಳಿಗೂ ಅಂದೇ ಮರಾಠಿ ತುಂಬಿದೆ, ಕೊನೆಯಲ್ಲಿ ಕನ್ನಡವನ್ನು ಹಾಗೇ ಬಿಟ್ಟು.